ಕೈಗೆ ಕೆಲಸ, ಮೈಯ ತಿಳಿವಳಿಕೆ: ಪಂಡಿತಾ ರಮಾಬಾಯಿಯವರ ಜೀವನ



ಪಂಡಿತಾ ರಮಾಬಾಯಿ ಎಂಬ ಹೆಸರನ್ನು ನಾವೆಲ್ಲ ಸಮಾಜ ಸುಧಾರಕರ ಪಾಠದಲ್ಲಿ ಓದಿದ್ದೇವೆ. ಶಾರದಾ ಸದನವನ್ನು ಸ್ಥಾಪಿಸಿದವರು ಯಾರು ಎಂಬ ಒಂದು ಅಂಕದ ಪ್ರಶ್ನೆಗೆ ಅವರ ಹೆಸರು ಬರೆದು ಮುಂದಿನ ಪ್ರಶ್ನೆಗೆ ಹೋಗುತ್ತೇವೆ. ಆ ಸದನದೊಳಗೆ ಏನು ಕಲಿಸುತ್ತಿದ್ದರು ಎಂದು ಯಾವ ಪ್ರಶ್ನೆಪತ್ರಿಕೆಯೂ ಕೇಳುವುದಿಲ್ಲ. ನಾನು ಅವರ ಬಗ್ಗೆ ಬರೆಯಲು ಹೊರಟಿದ್ದು ಅದಕ್ಕಾಗಿಯೇ. ಸುಮಾರು 130 ವರ್ಷಗಳ ಹಿಂದೆ ಅವರು ನನ್ನ ವಯಸ್ಸಿನ ಮತ್ತು ನನಗಿಂತ ಚಿಕ್ಕ ವಯಸ್ಸಿನ ದಿಕ್ಕಿಲ್ಲದ ಹುಡುಗಿಯರಿಗೆ ಎರಡು ವಿಷಯಗಳನ್ನು ಒಂದೇ ಸೂರಿನಡಿ ಕಲಿಸಿದರು. ಒಂದು, ದುಡಿದು ತಿನ್ನುವ ಕೆಲಸ. ಇನ್ನೊಂದು, ತಮ್ಮ ಶರೀರದ ತಿಳಿವಳಿಕೆ. ಇವೆರಡು ಒಟ್ಟಿಗೆ ಯಾಕೆ ಬೇಕು ಎಂಬುದಕ್ಕೆ ಉತ್ತರ ಅವರ ಜೀವನದಲ್ಲೇ ಇದೆ.

ರಮಾಬಾಯಿ ಹುಟ್ಟಿದ್ದು ನಮ್ಮ ಕರ್ನಾಟಕದಲ್ಲೇ. ತುಂಗಾ, ಭದ್ರಾ, ನೇತ್ರಾವತಿ ನದಿಗಳು ಹುಟ್ಟುವ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ, 1858ರ ಏಪ್ರಿಲ್ 23ರಂದು. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳದವರು. ಮನೆಮಾತು ಮರಾಠಿ. ಕನ್ನಡ ನಾಡಿನಲ್ಲಿದ್ದು ಮನೆಯಲ್ಲಿ ಬೇರೆ ಭಾಷೆ ಆಡುವುದು ಎಂದರೇನು ಎಂದು ಉರ್ದು ಮನೆಯವಳಾದ ನನಗೆ ಯಾರೂ ವಿವರಿಸಬೇಕಾಗಿಲ್ಲ. ಅನಂತಶಾಸ್ತ್ರಿಗಳು ತಮ್ಮ 44ನೇ ವಯಸ್ಸಿನಲ್ಲಿ ಒಂಬತ್ತು ವರ್ಷದ ಲಕ್ಷ್ಮೀಬಾಯಿಯನ್ನು ಮದುವೆಯಾದರು. ಆ ಕಾಲದಲ್ಲಿ ಇದು ಯಾರಿಗೂ ವಿಚಿತ್ರವಾಗಿ ಕಾಣಲಿಲ್ಲ. ಆದರೆ ಅವರು ಹೆಂಡತಿಗೆ ಸಂಸ್ಕೃತ ಕಲಿಸಲು ಕುಳಿತಾಗ ಮಾತ್ರ ಊರವರು ಸಿಟ್ಟಾದರು. ವಿರೋಧ ತಾಳಲಾರದೆ ದಂಪತಿ ಕಾಡಿನಲ್ಲಿ ಮನೆ ಮಾಡಿಕೊಂಡರು. ರಮಾಬಾಯಿಗೆ ಸಂಸ್ಕೃತ ಕಲಿಸಿದ್ದು ಆ ತಾಯಿಯೇ.

ರಮಾಬಾಯಿ ಇನ್ನೂ ಕೂಸಾಗಿದ್ದಾಗಲೇ ಕುಟುಂಬ ಊರು ಬಿಟ್ಟು ತೀರ್ಥಯಾತ್ರೆಗೆ ಹೊರಟಿತು. ದೇವಸ್ಥಾನಗಳಲ್ಲಿ ಪುರಾಣ ಓದುವುದು, ಜನ ಕೊಟ್ಟದ್ದರಲ್ಲಿ ಜೀವನ ಸಾಗಿಸುವುದು. ಹೀಗೆ ವರ್ಷಗಟ್ಟಲೆ ತಿರುಗಾಟ. ಸಾವಿರಾರು ಶ್ಲೋಕಗಳು ಹುಡುಗಿಗೆ ಬಾಯಿಪಾಠವಾದವು. ತಿರುಗಾಟದಲ್ಲೇ ಕನ್ನಡ, ಹಿಂದೂಸ್ತಾನಿ, ಬಂಗಾಳಿ ಭಾಷೆಗಳೂ ಬಂದವು.

ಆಮೇಲೆ 1870ರ ದಶಕದ ಬರ ಬಂತು. ಪುರಾಣ ಕೇಳಿ ದಕ್ಷಿಣೆ ಕೊಡುವವರೇ ಇಲ್ಲವಾದರು. ಇದ್ದ ಪಾತ್ರೆ, ಒಡವೆ ಮಾರಿ ತಿಂದರು. ಅದೂ ಮುಗಿದ ಮೇಲೆ ಎಲೆ, ಕಾಡುಹಣ್ಣು ತಿಂದು ದಿನ ಕಳೆದರು. ಮೊದಲು ತಂದೆ, ನಂತರ ತಾಯಿ, ಆಮೇಲೆ ಅಕ್ಕ ತೀರಿಕೊಂಡರು. ಉಳಿದವರು ರಮಾಬಾಯಿ ಮತ್ತು ಅಣ್ಣ ಶ್ರೀನಿವಾಸ ಇಬ್ಬರೇ. ಈ ದಿನಗಳನ್ನು ನೆನೆದು ರಮಾಬಾಯಿ ಮುಂದೆ ಬರೆದಿದ್ದಾರೆ. ಅದರಲ್ಲಿ ನನ್ನ ಮನಸ್ಸಿಗೆ ನಾಟಿದ್ದು ಒಂದು ಸಂಗತಿ. ಅವರ ಕುಟುಂಬದಲ್ಲಿ ಪಾಂಡಿತ್ಯಕ್ಕೆ ಕೊರತೆ ಇರಲಿಲ್ಲ. ಆದರೆ ಹೊಟ್ಟೆ ಹೊರೆಯುವ ಒಂದು ಕಸುಬನ್ನು ಯಾರೂ ಮಕ್ಕಳಿಗೆ ಕಲಿಸಿರಲಿಲ್ಲ. ಕೂಲಿ ಮಾಡಲು ಗೊತ್ತಿಲ್ಲ, ಬೇಡಲು ಮನಸ್ಸಿಲ್ಲ. ಶ್ಲೋಕಗಳು ಹಸಿದ ಹೊಟ್ಟೆ ತುಂಬಿಸಲಿಲ್ಲ. ವಿದ್ಯೆಯ ಜೊತೆ ಕಸುಬೂ ಬೇಕು ಎಂಬ ಪಾಠ ಅವರಿಗೆ ಬಂದದ್ದು ತಮ್ಮ ಮನೆಯವರ ಸಾವಿನಿಂದ.

ಅಣ್ಣ ತಂಗಿ ಕಾಲ್ನಡಿಗೆಯಲ್ಲಿ ದೇಶ ಸುತ್ತಿ 1878ರಲ್ಲಿ ಕಲ್ಕತ್ತೆಗೆ ಬಂದರು. ಇಪ್ಪತ್ತು ವರ್ಷದ ಹುಡುಗಿ ಸಂಸ್ಕೃತದಲ್ಲಿ ನಿರರ್ಗಳವಾಗಿ ಮಾತಾಡುವುದನ್ನು ಕಂಡು ಅಲ್ಲಿನ ವಿದ್ವಾಂಸರು ಬೆರಗಾಗಿ ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನು ಕೊಟ್ಟರು. 1880ರಲ್ಲಿ ಅಣ್ಣ ತೀರಿಕೊಂಡರು. ಅದೇ ವರ್ಷ ರಮಾಬಾಯಿ ಜಾತಿ ಮೀರಿ, ಬಿಪಿನ್ ಬಿಹಾರಿ ದಾಸ್ ಮೇಧಾವಿ ಎಂಬ ಬಂಗಾಳಿ ವಕೀಲರನ್ನು ನೋಂದಣಿ ಮದುವೆಯಾದರು. 1881ರಲ್ಲಿ ಮಗಳು ಮನೋರಮಾ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಕಾಲರಾ ಬಂದು ಗಂಡ ಹೋದರು. ಆಗ ರಮಾಬಾಯಿಗೆ 23 ವರ್ಷ. ಕೈಯಲ್ಲಿ ಒಂದು ವರ್ಷವೂ ತುಂಬದ ಮಗು.

ಅಂದಿನ ವಿಧವೆಯರು ಮನೆಯ ಮೂಲೆ ಸೇರಬೇಕಿತ್ತು. ರಮಾಬಾಯಿ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಕಟ್ಟಿದರು. ಮರಾಠಿಯಲ್ಲಿ ಸ್ತ್ರೀಧರ್ಮನೀತಿ ಎಂಬ ಪುಸ್ತಕ ಬರೆದರು. ಅದೇ 1882ರಲ್ಲಿ ಶಿಕ್ಷಣದ ಬಗ್ಗೆ ವಿಚಾರಿಸಲು ಸರ್ಕಾರ ನೇಮಿಸಿದ ಹಂಟರ್ ಆಯೋಗ ಪುಣೆಗೆ ಬಂದಾಗ ಅದರ ಮುಂದೆ ಸಾಕ್ಷಿ ಹೇಳಿದರು. ಅವರು ಕೇಳಿದ್ದು ಮುಖ್ಯವಾಗಿ ಎರಡು. ಹೆಣ್ಣುಮಕ್ಕಳಿಗೆ ಕಲಿಸಲು ಶಿಕ್ಷಕಿಯರನ್ನು ತರಬೇತು ಮಾಡಬೇಕು. ಹೆಂಗಸರಿಗೆ ಚಿಕಿತ್ಸೆ ನೀಡಲು ಹೆಂಗಸರೇ ಡಾಕ್ಟರ್ ಆಗುವಂತೆ ಮಾಡಬೇಕು. ಗಂಡು ಡಾಕ್ಟರ ಮುಂದೆ ತಮ್ಮ ಕಾಯಿಲೆ ಹೇಳಲಾಗದೆ ಎಷ್ಟೋ ಹೆಂಗಸರು ಅಕಾಲದಲ್ಲಿ ಸಾಯುತ್ತಿದ್ದಾರೆ ಎಂಬುದು ಅವರ ಮಾತಿನ ತಿರುಳು. ಮೂರು ವರ್ಷಗಳ ನಂತರ, 1885ರಲ್ಲಿ, ಮಹಿಳೆಯರ ಚಿಕಿತ್ಸೆಗೆಂದೇ ಡಫರಿನ್ ನಿಧಿ ಆರಂಭವಾಯಿತು. ದೇಶದ ಹಲವು ಹೆರಿಗೆ ಆಸ್ಪತ್ರೆಗಳು ಆ ನಿಧಿಯಿಂದ ಹುಟ್ಟಿದವು.

ಸ್ವತಃ ಡಾಕ್ಟರ್ ಆಗಬೇಕೆಂಬ ಆಸೆಯಿಂದ ರಮಾಬಾಯಿ 1883ರಲ್ಲಿ ಮಗಳೊಂದಿಗೆ ಇಂಗ್ಲೆಂಡಿಗೆ ಹೋದರು. ಆದರೆ ಅವರ ಕಿವಿ ಮಂದವಾಗಿತ್ತು. ಆ ಕಾರಣಕ್ಕೆ ವೈದ್ಯಕೀಯ ಓದುವ ಬಾಗಿಲು ಮುಚ್ಚಿತು. ಅಲ್ಲಿಯೇ ಅವರು ಕ್ರೈಸ್ತ ಧರ್ಮ ಸ್ವೀಕರಿಸಿದರು. ಚೆಲ್ಟನ್‌ಹ್ಯಾಮ್‌ನ ಮಹಿಳಾ ಕಾಲೇಜಿನಲ್ಲಿ ಸಂಸ್ಕೃತ ಕಲಿಸಿದರು.

1886ರಲ್ಲಿ ಅವರು ಅಮೆರಿಕದ ಫಿಲಡೆಲ್ಫಿಯಾಕ್ಕೆ ಹೋದದ್ದು ದೂರದ ಸಂಬಂಧಿ ಆನಂದಿಬಾಯಿ ಜೋಶಿಯವರ ಪದವಿ ಪ್ರದಾನಕ್ಕೆ. ಆನಂದಿಬಾಯಿಯ ಕಥೆ ಇಲ್ಲಿ ಹೇಳಲೇಬೇಕು. ಒಂಬತ್ತನೇ ವಯಸ್ಸಿಗೆ ಮದುವೆ. ಹದಿನಾಲ್ಕಕ್ಕೆ ಹೆರಿಗೆ. ಸರಿಯಾದ ಚಿಕಿತ್ಸೆ ಸಿಗದೆ ಮಗು ಹತ್ತೇ ದಿನ ಬದುಕಿತು. ಆ ನೋವಿನಿಂದಲೇ ಆಕೆ ಡಾಕ್ಟರ್ ಆಗಲು ಹೊರಟರು. ಹಡಗು ಹತ್ತಿ ಅಮೆರಿಕಕ್ಕೆ ಹೋಗಿ, ಪ್ರಸೂತಿ ವಿಷಯದ ಮೇಲೆ ಪ್ರಬಂಧ ಬರೆದು, ಪಾಶ್ಚಾತ್ಯ ವೈದ್ಯಪದವಿ ಪಡೆದ ಭಾರತದ ಮೊದಲ ಮಹಿಳೆಯರಲ್ಲಿ ಒಬ್ಬರಾದರು. ಆದರೆ ಊರಿಗೆ ಮರಳಿ ಕೆಲಸ ಆರಂಭಿಸುವ ಮೊದಲೇ, 1887ರ ಫೆಬ್ರವರಿಯಲ್ಲಿ ಕ್ಷಯದಿಂದ ತೀರಿಕೊಂಡರು. ಆಗ ಅವರಿಗೆ 22 ಕೂಡ ತುಂಬಿರಲಿಲ್ಲ.

ಒಬ್ಬ ಡಾಕ್ಟರನ್ನು ತಯಾರು ಮಾಡಲು ಇಷ್ಟು ವರ್ಷ, ಇಷ್ಟು ಹಣ, ಇಷ್ಟು ತ್ಯಾಗ ಬೇಕಾಯಿತು. ಆಕೆಯೂ ಉಳಿಯಲಿಲ್ಲ. ಹಾಗಾದರೆ ಲಕ್ಷಾಂತರ ಹುಡುಗಿಯರ ಗತಿ ಏನು? ರಮಾಬಾಯಿಯ ಮುಂದಿನ ಜೀವನ ಈ ಪ್ರಶ್ನೆಗೆ ಉತ್ತರ ಹುಡುಕಿದ ಹಾಗಿದೆ. ಎಲ್ಲರೂ ಡಾಕ್ಟರ್ ಆಗಲಾರರು. ಆದರೆ ಪ್ರತಿ ಹುಡುಗಿಯೂ ತನ್ನ ಶರೀರದ ಬಗ್ಗೆ ಬೇಕಾದಷ್ಟು ತಿಳಿಯಬಹುದು. ಯಾರ ಹಂಗೂ ಇಲ್ಲದೆ ಬದುಕುವಷ್ಟು ಕೆಲಸ ಕಲಿಯಬಹುದು.

ಅಮೆರಿಕದಲ್ಲಿ ಅವರು ಕಿಂಡರ್‌ಗಾರ್ಟನ್ ಪದ್ಧತಿಯ ತರಬೇತಿ ಪಡೆದರು. ಮೇಲ್ಜಾತಿಯ ಹಿಂದೂ ಹೆಣ್ಣಿನ ಸ್ಥಿತಿಗತಿ ಕುರಿತು ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಊರೂರು ಸುತ್ತಿ ಭಾಷಣ ಮಾಡಿದರು. 1887ರ ಡಿಸೆಂಬರ್‌ನಲ್ಲಿ ಬಾಸ್ಟನ್ ನಗರದಲ್ಲಿ ರಮಾಬಾಯಿ ಅಸೋಸಿಯೇಷನ್ ರಚನೆಯಾಯಿತು. ಭಾರತದಲ್ಲಿ ಬಾಲವಿಧವೆಯರ ಶಾಲೆ ನಡೆಸಲು ಹತ್ತು ವರ್ಷ ಹಣ ಕೊಡುತ್ತೇವೆ ಎಂದು ಅದು ಒಪ್ಪಿಕೊಂಡಿತು.

1889ರ ಮಾರ್ಚ್ 11ರಂದು ಮುಂಬೈಯಲ್ಲಿ ಶಾರದಾ ಸದನ ಆರಂಭವಾಯಿತು. ಮೊದಲ ವಿದ್ಯಾರ್ಥಿನಿಯರಲ್ಲಿ ಗೋದೂಬಾಯಿ ಎಂಬ ಬಾಲವಿಧವೆ ಇದ್ದರು. ಮುಂದೆ ಇವರೇ ಮಹರ್ಷಿ ಕರ್ವೆಯವರನ್ನು ಮದುವೆಯಾಗಿ ಆನಂದಿಬಾಯಿ ಕರ್ವೆ ಎನಿಸಿದರು. 1890ರಲ್ಲಿ ಸದನ ಪುಣೆಗೆ ಬಂತು.

ಈಗ ನಾನು ಆರಂಭದಲ್ಲಿ ಹೇಳಿದ ವಿಷಯಕ್ಕೆ ಬರುತ್ತೇನೆ. ಸದನದಲ್ಲಿ ಓದು, ಬರಹ, ಲೆಕ್ಕದ ಜೊತೆಗೆ ಶರೀರಶಾಸ್ತ್ರ ಮತ್ತು ಸಸ್ಯಶಾಸ್ತ್ರ ಪಾಠಗಳಿದ್ದವು. ಹುಡುಗಿಯರು ತಮ್ಮ ದೇಹವನ್ನೂ ಸುತ್ತಲಿನ ಪ್ರಕೃತಿಯನ್ನೂ ಅರಿಯಲಿ ಎಂಬುದು ಉದ್ದೇಶ. ಇದರ ಜೊತೆಗೇ ಕೈಕಸುಬು. ಸಂತಾನೋತ್ಪತ್ತಿ ಆರೋಗ್ಯ ಶಿಕ್ಷಣ, ಕೌಶಲ್ಯಾಭಿವೃದ್ಧಿ ಎಂದು ಇಂದು ನಾವು ಹೇಳುವ ದೊಡ್ಡ ದೊಡ್ಡ ಪದಗಳು ಆಗ ಇರಲಿಲ್ಲ. ಆದರೆ ಆ ಕೆಲಸದ ತಳಪಾಯ ಅಲ್ಲಿತ್ತು.

ಆ ಕಾಲ ಎಂಥದ್ದು ಎಂದು ತಿಳಿದರೆ ಇದರ ಬೆಲೆ ಗೊತ್ತಾಗುತ್ತದೆ. ಹುಡುಗಿಯೊಡನೆ ದೇಹಸಂಬಂಧಕ್ಕೆ ಕಾನೂನು ಒಪ್ಪುತ್ತಿದ್ದ ಕನಿಷ್ಠ ವಯಸ್ಸು, ಮದುವೆಯಾದವಳಿಗೂ ಸೇರಿ, ಹತ್ತು ವರ್ಷ. ಬಂಗಾಳದಲ್ಲಿ ಫೂಲ್‌ಮಣಿ ಎಂಬ ಪುಟ್ಟ ಹುಡುಗಿ ಗಂಡನ ಮನೆಯಲ್ಲಿ ಗಾಯಗೊಂಡು ಸತ್ತ ಮೇಲೆ, 1891ರಲ್ಲಿ ಅದನ್ನು ಹನ್ನೆರಡಕ್ಕೆ ಏರಿಸಿದರು. ಅಷ್ಟಕ್ಕೇ ದೇಶದಲ್ಲಿ ದೊಡ್ಡ ಗಲಾಟೆ ನಡೆಯಿತು. ಹುಡುಗಿಯ ಶರೀರದ ಬಗ್ಗೆ ಸರ್ಕಾರ, ಪತ್ರಿಕೆಗಳು, ಗಂಡಸರು ಎಲ್ಲರೂ ವಾದ ಮಾಡುತ್ತಿದ್ದರು. ಆ ಹುಡುಗಿಗೆ ಮಾತ್ರ ಯಾರೂ ಏನನ್ನೂ ಹೇಳಿಕೊಟ್ಟಿರಲಿಲ್ಲ. ಅದೇ ವರ್ಷಗಳಲ್ಲಿ ಪುಣೆಯ ಒಂದು ಮನೆಯಲ್ಲಿ ಬಾಲವಿಧವೆಯರು ಶರೀರಶಾಸ್ತ್ರ ಓದುತ್ತಿದ್ದರು.

ರಮಾಬಾಯಿಯ ದಾರಿ ಸುಗಮವಾಗಿರಲಿಲ್ಲ. 1893ರಲ್ಲಿ ಸದನದ ಕೆಲವು ಹುಡುಗಿಯರು ಕ್ರೈಸ್ತ ಧರ್ಮದತ್ತ ಒಲಿಯುತ್ತಿದ್ದಾರೆ ಎಂಬ ಸುದ್ದಿ ಹಬ್ಬಿತು. ಪತ್ರಿಕೆಗಳು ಕಟುವಾಗಿ ಬರೆದವು. ಸಲಹಾ ಸಮಿತಿಯಲ್ಲಿದ್ದ ರಾನಡೆ, ಭಂಡಾರ್ಕರ್ ಅವರಂಥ ದೊಡ್ಡವರು ಹೊರಬಂದರು. ಸುಮಾರು 25 ಹುಡುಗಿಯರನ್ನು ಮನೆಯವರು ಬಿಡಿಸಿಕೊಂಡು ಹೋದರು. ತಾನು ಯಾರನ್ನೂ ಬಲವಂತ ಮಾಡಿಲ್ಲ, ಹಾಗೆಯೇ ತನ್ನ ಪ್ರಾರ್ಥನೆಗೆ ಬರುವವರನ್ನು ತಡೆಯುವುದೂ ಇಲ್ಲ ಎಂಬುದು ರಮಾಬಾಯಿಯ ನಿಲುವಾಗಿತ್ತು. ಈ ವಿವಾದದಲ್ಲಿ ಯಾರು ಸರಿ ಎಂದು ತೀರ್ಪು ಕೊಡುವಷ್ಟು ನಾನು ದೊಡ್ಡವಳಲ್ಲ. ಆದರೆ ಮನೆಗೆ ಕರೆದೊಯ್ದ ಆ ಹುಡುಗಿಯರ ಬಗ್ಗೆ ಯೋಚಿಸುತ್ತೇನೆ. ಅವರ ಓದು ಅಲ್ಲಿಗೆ ನಿಂತಿತು. ತಮ್ಮ ಮಗಳು ತಮ್ಮವಳಾಗಿಯೇ ಉಳಿಯುತ್ತಾಳೆ ಎಂಬ ಭರವಸೆ ತಂದೆತಾಯಿಗೆ ಇಲ್ಲದಿದ್ದರೆ, ಎಷ್ಟೇ ಒಳ್ಳೆಯ ಪಾಠವಾದರೂ ಅವರು ಬಾಗಿಲು ಹಾಕಿಬಿಡುತ್ತಾರೆ. ಇದು ಆಗಲೂ ನಿಜ, ಈಗಲೂ ನಿಜ.

1896ರಲ್ಲಿ ಮಧ್ಯಪ್ರಾಂತ್ಯದಲ್ಲಿ ಭೀಕರ ಬರ ಬಂತು. ಬಾಲ್ಯದಲ್ಲಿ ಬರ ಕಂಡಿದ್ದ ರಮಾಬಾಯಿಗೆ ಪುಣೆಯಲ್ಲಿ ಕುಳಿತಿರಲು ಆಗಲಿಲ್ಲ. ತಾವೇ ಹೋಗಿ ಪರಿಹಾರ ಶಿಬಿರಗಳನ್ನು ನೋಡಿದರು. ಅಲ್ಲಿ ಅವರು ಕಂಡದ್ದು ಹಸಿವು ಮಾತ್ರವಲ್ಲ. ಅನಾಥ ಹುಡುಗಿಯರನ್ನು ಅನ್ನದ ಆಸೆ ತೋರಿಸಿ ಕರೆದೊಯ್ದು ಹಾಳು ಮಾಡುವವರು ಶಿಬಿರಗಳ ಸುತ್ತ ಸುಳಿಯುತ್ತಿದ್ದರು. ಕಾವಲಿಗಿದ್ದವರನ್ನೂ ನಂಬುವಂತಿರಲಿಲ್ಲ. ಕಿಶೋರಿಯರಿಗೆ ಹಸಿವಿನಷ್ಟೇ ದೊಡ್ಡ ಅಪಾಯ ಇದು ಎಂದು ರಮಾಬಾಯಿ ಬಹಿರಂಗವಾಗಿ ಬರೆದರು. ಸುಮಾರು 300 ಹುಡುಗಿಯರನ್ನು ತಮ್ಮೊಂದಿಗೆ ಕರೆತಂದರು.

ಆ ಹೊತ್ತಿಗೆ ಪುಣೆಗೆ ಪ್ಲೇಗ್ ಬಂದಿತ್ತು. ಇಷ್ಟು ಜನರನ್ನು ಊರಲ್ಲಿ ಇಡಬಾರದು ಎಂದು ಅಧಿಕಾರಿಗಳು ಹೇಳಿದರು. ಪುಣೆಯಿಂದ 50 ಕಿಲೋಮೀಟರಿಗೂ ದೂರದ ಕೇಡಗಾಂವ್‌ನಲ್ಲಿ ರಮಾಬಾಯಿ ಮೊದಲೇ ಸುಮಾರು 100 ಎಕರೆ ಜಮೀನು ಕೊಂಡಿದ್ದರು. ಡೇರೆ, ತಗಡಿನ ಚಪ್ಪರ ಹಾಕಿಸಿ ಹುಡುಗಿಯರನ್ನು ಅಲ್ಲಿಗೆ ಕರೆದೊಯ್ದರು. ಅದೇ ಮುಕ್ತಿ ಸದನ.

ಈ ಜಮೀನಿನ ಕಥೆ ನನ್ನಂಥ ವಾಣಿಜ್ಯ ವಿದ್ಯಾರ್ಥಿಗೆ ತುಂಬಾ ಇಷ್ಟ. ಬಾಸ್ಟನ್ ಸಂಸ್ಥೆ ಹಣ ಕೊಡಲು ಒಪ್ಪಿದ್ದು ಹತ್ತು ವರ್ಷಕ್ಕೆ ಮಾತ್ರ. ಆ ಅವಧಿ 1898ರ ಹೊತ್ತಿಗೆ ಮುಗಿಯಲಿತ್ತು. ದಾನ ನಿಂತ ದಿನ ಶಾಲೆಯೂ ನಿಲ್ಲಬಾರದು ಎಂದು ರಮಾಬಾಯಿ ಮುಂಚೆಯೇ ಯೋಚಿಸಿ, ಜಮೀನು ಕೊಂಡು, ಬಾವಿ ತೋಡಿಸಿ, ಹಣ್ಣಿನ ತೋಟ ಬೆಳೆಸಲು ಶುರು ಮಾಡಿದ್ದರು. ಬಂದ ದೇಣಿಗೆಯನ್ನೆಲ್ಲ ಖರ್ಚಿಗೆ ಹಾಕದೆ ಆದಾಯ ತರುವ ಆಸ್ತಿ ಮಾಡುವುದು ಎಂದು ನಾವು ಪುಸ್ತಕದಲ್ಲಿ ಓದುವುದನ್ನು ಅವರು ಮಾಡಿ ತೋರಿಸಿದ್ದರು.

1900ರ ಸುಮಾರಿಗೆ ಗುಜರಾತಿನಲ್ಲೂ ಬರ ಬಿತ್ತು. ಅಲ್ಲಿಂದಲೂ ಹುಡುಗಿಯರು ಬಂದರು. ಮುಕ್ತಿಯಲ್ಲಿದ್ದವರ ಸಂಖ್ಯೆ ಸುಮಾರು 1900ಕ್ಕೆ ಏರಿತು. ಶಾರದಾ ಸದನದಲ್ಲಿ ಇದ್ದವರು ಹೆಚ್ಚಾಗಿ ಮೇಲ್ಜಾತಿಯ ವಿಧವೆಯರು. ಇಲ್ಲಿ ಎಲ್ಲ ಜಾತಿಯ ಬಡ ಹುಡುಗಿಯರು. ಇಷ್ಟು ಜನ ಉಣ್ಣಬೇಕು, ಉಡಬೇಕು. ಆದ್ದರಿಂದ ಮುಕ್ತಿಯ ದಿನನಿತ್ಯದ ಕೆಲಸವೇ ಅವರ ತರಬೇತಿ ಕೇಂದ್ರವಾಯಿತು. ನೇಯ್ಗೆ, ಹೊಲಿಗೆ, ಕಸೂತಿ. ತೋಟ, ಬೇಸಾಯ, ಹೈನುಗಾರಿಕೆ. ಎಣ್ಣೆ ತೆಗೆಯುವುದು, ಬಟ್ಟೆ ಒಗೆಯುವುದು. ಮರಗೆಲಸ, ಗಾರೆ ಕೆಲಸ ಕೂಡ. ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುವುದರಿಂದ ಹಿಡಿದು ಹೆಚ್ಚಿನ ಕೆಲಸವನ್ನು ಹೆಂಗಸರೇ ಮಾಡುತ್ತಿದ್ದರು. ಕಣ್ಣು ಕಾಣದ ಹುಡುಗಿಯರಿಗೂ ಓದು ಮತ್ತು ಕೈಕೆಲಸ ಇತ್ತು. ಓದಿನಲ್ಲಿ ಚುರುಕಾದವರು ಶಿಕ್ಷಕಿಯರಾದರು, ಇನ್ನು ಕೆಲವರು ರೋಗಿಗಳ ಶುಶ್ರೂಷೆ ಕಲಿತರು. 1900ರ ಹೊತ್ತಿಗೆ ಶಾರದಾ ಸದನದಿಂದ ಸುಮಾರು 80 ಮಂದಿ ಶಿಕ್ಷಕಿಯರಾಗಿ ಅಥವಾ ದಾದಿಯರಾಗಿ ಸ್ವಂತ ದುಡಿಮೆಯ ಮೇಲೆ ನಿಂತಿದ್ದರು.

80 ಎಂಬುದು ಚಿಕ್ಕ ಸಂಖ್ಯೆಯಂತೆ ಕಾಣಬಹುದು. ಆದರೆ ಒಂದು ಕ್ಷಣ ಲೆಕ್ಕ ಹಾಕಿ. ಇವರಲ್ಲಿ ಪ್ರತಿಯೊಬ್ಬರನ್ನೂ ಅವರ ಮನೆಯವರು ನಷ್ಟದ ಖಾತೆಗೆ ಬರೆದು ಮುಚ್ಚಿದ್ದರು.

ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಹುಡುಗಿಯರಿಗೆ, ಜನ ಕೆಟ್ಟವರೆಂದು ಹೊರಗೆ ಹಾಕಿದ ಹೆಂಗಸರಿಗೆ ರಮಾಬಾಯಿ ಕೃಪಾ ಸದನ ಎಂಬ ಬೇರೆ ಮನೆ ಮಾಡಿದರು. ಅಲ್ಲಿಯೂ ಮೊದಲು ಆರೈಕೆ, ಆಮೇಲೆ ಕೆಲಸ. ಆಗಿದ್ದಕ್ಕೆ ಹುಡುಗಿಯನ್ನೇ ತಪ್ಪಿತಸ್ಥೆ ಮಾಡುವುದು ಸುಲಭ. ಅವಳಿಗೆ ಚಿಕಿತ್ಸೆ ಕೊಟ್ಟು, ಕಸುಬು ಕೊಟ್ಟು ನಿಲ್ಲಿಸುವುದು ಕಷ್ಟ. ಅವರು ಕಷ್ಟದ ಕೆಲಸವನ್ನೇ ಆರಿಸಿಕೊಂಡರು.

ತಮ್ಮ ಹುಡುಗಿಯರ ಆರೋಗ್ಯ ಮತ್ತು ಮಾನದ ವಿಷಯದಲ್ಲಿ ಅವರು ಸರ್ಕಾರಕ್ಕೂ ಹೆದರಲಿಲ್ಲ. 1897ರಲ್ಲಿ ಪುಣೆಯ ಪ್ಲೇಗ್ ಆಸ್ಪತ್ರೆಯಲ್ಲಿ ಹೆಣ್ಣುಮಕ್ಕಳಿಗೆ ರಕ್ಷಣೆ ಇಲ್ಲ ಎಂದು ಪತ್ರಿಕೆಗೆ ಬರೆದರು. ಆ ವಿಷಯ ಲಂಡನ್ನಿನ ಪಾರ್ಲಿಮೆಂಟಿನವರೆಗೂ ಹೋಯಿತು. ಸರ್ಕಾರ ಆರೋಪವನ್ನು ಒಪ್ಪಲಿಲ್ಲ. ಅವರು ತಮ್ಮ ಮಾತನ್ನು ಹಿಂದೆ ತೆಗೆದುಕೊಳ್ಳಲೂ ಇಲ್ಲ.

ರಮಾಬಾಯಿಯ ಕೆಲಸ ಮತ್ತೆ ನಮ್ಮ ಕಡೆಗೂ ಬಂತು. ಮಗಳು ಮನೋರಮಾ ಓದಿ ಬಂದು ತಾಯಿಯ ಬಲಗೈಯಾದರು. 1910ರ ದಶಕದಲ್ಲಿ, ಆಗ ನಿಜಾಮರ ಆಳ್ವಿಕೆಯಲ್ಲಿದ್ದ ಗುಲ್ಬರ್ಗಾದಲ್ಲಿ, ಅಂದರೆ ಇಂದಿನ ಕಲಬುರಗಿಯಲ್ಲಿ, ತಾಯಿ ಮಗಳು ಹೆಣ್ಣುಮಕ್ಕಳ ಶಾಲೆಯೊಂದನ್ನು ಆರಂಭಿಸಿದರು. 1919ರಲ್ಲಿ ಸರ್ಕಾರ ರಮಾಬಾಯಿಗೆ ಕೈಸರ್-ಇ-ಹಿಂದ್ ಪದಕ ಕೊಟ್ಟಿತು. 1921ರಲ್ಲಿ ಮನೋರಮಾ ತಾಯಿಗಿಂತ ಮೊದಲೇ ತೀರಿಕೊಂಡರು. ಮರುವರ್ಷ, 1922ರ ಏಪ್ರಿಲ್ 5ರಂದು, ರಮಾಬಾಯಿಯೂ ಕಣ್ಣು ಮುಚ್ಚಿದರು. ಮುಕ್ತಿ ಇಂದಿಗೂ ಕೇಡಗಾಂವ್‌ನಲ್ಲಿದೆ. 1989ರಲ್ಲಿ ಭಾರತ ಸರ್ಕಾರ ಅವರ ಅಂಚೆಚೀಟಿ ಹೊರತಂದಿತು.

ಇದು ಬೇರೆ ಕಾಲದ, ಬೇರೆ ಸಮುದಾಯದ ಕಥೆ, ನಮಗೇನು ಸಂಬಂಧ ಎಂದು ಯಾರಾದರೂ ಕೇಳಬಹುದು. ಹೆಣ್ಣುಮಕ್ಕಳಿಗೆ ಶರೀರದ ವಿಷಯ ಹೇಳುವುದು ನಮ್ಮ ಮನೆಗಳಿಗೆ ಹೊಸದೇನಲ್ಲ. ಮುಕ್ತಿ ಬೆಳೆಯುತ್ತಿದ್ದ ಆ ವರ್ಷಗಳಲ್ಲೇ ಮೌಲಾನಾ ಅಶ್ರಫ್ ಅಲಿ ಥಾನವಿಯವರು ಹುಡುಗಿಯರಿಗಾಗಿ ಉರ್ದುವಿನಲ್ಲಿ ಬಹಿಶ್ತೀ ಜೇವರ್ ಬರೆದರು. ಮದುವೆಯ ಹೆಣ್ಣಿಗೆ ಅದನ್ನು ಕೊಡುವ ರೂಢಿ ಇದೆ. ನಮ್ಮ ನಾನಿಯ ಪೆಟ್ಟಿಗೆಯಲ್ಲೂ ಒಂದು ಪ್ರತಿ ಇದೆ. ಮುಟ್ಟಿನ ಮಸಲೆಗಳು ಅದರಲ್ಲಿವೆ. ಜೊತೆಗೆ ಕಾಯಿಲೆ, ಔಷಧಿ, ಮನೆಯ ಲೆಕ್ಕ ಬರೆಯುವುದು, ಕೈಕೆಲಸ ಇವೂ ಇವೆ. ಅಂದರೆ ಒಬ್ಬ ಆಲಿಮರೂ ಹುಡುಗಿಗೆ ತಿಳಿಸಬೇಕಾದ ವಿಷಯ ಎಂದು ಇವನ್ನೆಲ್ಲ ಒಂದೇ ಪುಸ್ತಕದಲ್ಲಿ ಸೇರಿಸಿದ್ದರು. ಅವರೂ ರಮಾಬಾಯಿಯೂ ಎಷ್ಟೋ ವಿಷಯಗಳಲ್ಲಿ ಒಪ್ಪುತ್ತಿರಲಿಲ್ಲ. ಆದರೆ ಹುಡುಗಿ ಈ ವಿಷಯದಲ್ಲಿ ಅಜ್ಞಾನಿಯಾಗಿ ಇರಬಾರದು ಎಂಬುದರಲ್ಲಿ ಇಬ್ಬರೂ ಒಂದೇ. ಹಯಾ ಎಂದರೆ ನಾಚಿಕೆ, ಅದು ಒಳ್ಳೆಯ ಗುಣ. ತಿಳಿಯದೆ ನರಳುವುದಕ್ಕೆ ಹಯಾ ಎಂದು ಹೆಸರಿಡಬಾರದು.

ಇನ್ನು ಇಂದಿನ ವಿಷಯ. ಎಸ್ಸೆಸ್ಸೆಲ್ಸಿ ಆದ ಮೇಲೆ ಓದು ಬಿಟ್ಟ ಹುಡುಗಿಯರು ನಮ್ಮ ಬೀದಿಯಲ್ಲಿ ಹಲವರಿದ್ದಾರೆ. ಮಧ್ಯಾಹ್ನ ಹೊಲಿಗೆ ಕ್ಲಾಸಿಗೆ ಹೋಗುತ್ತಾರೆ. ಸೀರೆಗೆ ಫಾಲ್ ಹಾಕಲು, ಬ್ಲೌಸ್ ಕತ್ತರಿಸಲು ಚೆನ್ನಾಗಿ ಕಲಿತಿದ್ದಾರೆ. ಕೈಗೆ ನಾಲ್ಕು ಕಾಸು ಬರುತ್ತದೆ. ಆದರೆ ಮಷೀನ್ ಮುಂದೆ ಕುಳಿತಾಗ ತಲೆ ಸುತ್ತುವುದೇಕೆ, ಪ್ರತಿ ತಿಂಗಳು ಎರಡು ದಿನ ಏಳಲಾಗದಷ್ಟು ಹೊಟ್ಟೆನೋವು ಬಂದರೆ ಡಾಕ್ಟರಿಗೆ ತೋರಿಸಬೇಕೆ ಎಂದು ಕೇಳಲು ಅವರಿಗೆ ಯಾರೂ ಇಲ್ಲ. ಇನ್ನೊಂದು ಕಡೆ, ಕಾಲೇಜಿಗೆ ಬರುವ ನಮಗೆ ಜೀವಶಾಸ್ತ್ರದ ಪಾಠ ಇದೆ, ಆರೋಗ್ಯ ಶಿಬಿರ ಇದೆ. ಆದರೆ ಕೈಯಲ್ಲಿ ಒಂದು ಕಸುಬಿಲ್ಲ. ಅವರಿಗೆ ಒಂದರ್ಧ, ನಮಗೆ ಇನ್ನೊಂದರ್ಧ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ನೂರು ಹುಡುಗಿಯರಲ್ಲಿ 59 ಮಂದಿಗೆ ರಕ್ತಹೀನತೆ ಇದೆ. ನಮ್ಮ ರಾಜ್ಯದಲ್ಲಿ 20ರಿಂದ 24 ವರ್ಷದ ಹೆಂಗಸರಲ್ಲಿ ಸುಮಾರು ಐವರಲ್ಲಿ ಒಬ್ಬರು 18 ತುಂಬುವ ಮೊದಲೇ ಮದುವೆಯಾದವರು. ರಕ್ತ ಕಡಿಮೆ ಇರುವ ಹುಡುಗಿ ಚಿಕ್ಕ ವಯಸ್ಸಿಗೆ ತಾಯಿಯಾದರೆ ಅವಳಿಗೂ ಮಗುವಿಗೂ ಅಪಾಯ. ಕಸುಬು ಮಾತ್ರ ಕಲಿತವಳಿಗೆ ದುಡ್ಡು ಬರುತ್ತದೆ, ಆದರೆ ದೇಹ ಕೈಕೊಟ್ಟ ದಿನ ಮಷೀನು ಮೂಲೆ ಸೇರುತ್ತದೆ. ತಿಳಿವಳಿಕೆ ಮಾತ್ರ ಇದ್ದವಳಿಗೆ ಮದುವೆ ಇನ್ನೂ ಬೇಡ ಎಂದು ಹೇಳಬೇಕೆಂದು ಗೊತ್ತಿರುತ್ತದೆ, ಆದರೆ ಮನೆಯಲ್ಲಿ ಅವಳ ಮಾತಿಗೆ ತೂಕ ಇರುವುದಿಲ್ಲ. ದುಡಿಯುವ ಮಗಳ ಮಾತನ್ನು ಅಬ್ಬಾ ಸ್ವಲ್ಪವಾದರೂ ಕೇಳುತ್ತಾರೆ ಎಂಬುದನ್ನು ನಮ್ಮ ಬೀದಿಯಲ್ಲೇ ಕಂಡಿದ್ದೇನೆ. ಎರಡೂ ಸೇರಿದಾಗ ಮಾತ್ರ ಖಾತೆ ಸರಿಹೊಂದುತ್ತದೆ.

ಆದ್ದರಿಂದ ಪ್ರಾಂಶುಪಾಲರಲ್ಲಿ ಮತ್ತು ನಮ್ಮ ಉಪನ್ಯಾಸಕಿಯರಲ್ಲಿ ನನ್ನದೊಂದು ವಿನಂತಿ. ತಿಂಗಳಿಗೆ ಒಂದು ಶನಿವಾರ ಮಧ್ಯಾಹ್ನ ನಮ್ಮ ಕಾಲೇಜಿನ ಒಂದು ಕೊಠಡಿಯನ್ನು ಸುತ್ತಮುತ್ತಲಿನ ಹೊಲಿಗೆ ಕ್ಲಾಸಿನ ಹುಡುಗಿಯರಿಗೆ ತೆರೆಯಬಹುದೇ? ಹಣ ಹೆಚ್ಚು ಬೇಕಾಗಿಲ್ಲ. ಒಬ್ಬ ಲೇಡಿ ಡಾಕ್ಟರ್ ಅಥವಾ ನಮ್ಮ ವಾರ್ಡಿನ ಆಶಾ ಕಾರ್ಯಕರ್ತೆ ಬಂದರೆ ಮುಟ್ಟು, ರಕ್ತಹೀನತೆ, ಮದುವೆಯ ವಯಸ್ಸು, ತಾಯ್ತನದ ಬಗ್ಗೆ ಮಾತಾಡಬಹುದು. ವಿಜ್ಞಾನ ವಿಭಾಗದ ಹುಡುಗಿಯರು ಚಿತ್ರಪಟ ಮಾಡಿಕೊಡಬಹುದು. ವಾಣಿಜ್ಯ ವಿಭಾಗದ ನಾವು ಅವರಿಗೆ ಬ್ಯಾಂಕ್ ಖಾತೆ ತೆರೆಯುವುದು, ಜಮಾ ಖರ್ಚು ಬರೆಯುವುದು, ಒಂದು ಬ್ಲೌಸಿಗೆ ಎಷ್ಟು ಮಜೂರಿ ಕೇಳಬೇಕು ಎಂದು ಲೆಕ್ಕ ಹಾಕುವುದನ್ನು ಹೇಳಿಕೊಡಬಹುದು. ಅವರಿಂದ ನಾವು ಹೊಲಿಗೆ ಕಲಿಯಬಹುದು. 1893ರಲ್ಲಿ ಆದದ್ದು ಇಲ್ಲಿ ಆಗಬಾರದು ಎಂದಾದರೆ, ಮೊದಲ ಶನಿವಾರ ತಾಯಂದಿರನ್ನೂ ಕರೆಯೋಣ. ಏನು ಹೇಳಿಕೊಡುತ್ತೇವೆ ಎಂದು ಅವರೇ ಕುಳಿತು ಕೇಳಲಿ.

ನಮ್ಮ ಕ್ಲಾಸಿನಿಂದ ಆರು ಹುಡುಗಿಯರು ಹೆಸರು ಕೊಡಲು ಸಿದ್ಧರಿದ್ದೇವೆ. ಕೊಠಡಿಯ ಬೀಗದ ಕೈ ಸಿಕ್ಕರೆ ಕಸ ಗುಡಿಸಿ, ಬೆಂಚು ಜೋಡಿಸುವ ಕೆಲಸವೂ ನಮ್ಮದೇ.